ಶಾಲೆ ಫೋಟೋ ಕೆಲಸ ಶುರು ಮಾಡೋಣ ಅಂತಿದ್ದೇನೆ, ಮಂಡ್ಯದಲ್ಲಿ ನಡೆಯುತ್ತಾ?

ಗುತ್ತಲು ರಸ್ತೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. ಐದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಅದೂ ಜಾಸ್ತಿ ಬೇರೆಯವರ ಕೈಕೆಳಗೆ, ದಿನಗೂಲಿ ಲೆಕ್ಕದಲ್ಲಿ. ಆಷಾಢ ಬಂತೆಂದರೆ ಕೈ ಖಾಲಿ. ಧನುರ್ಮಾಸದಲ್ಲಿ ಮತ್ತೆ ಖಾಲಿ.

ಹೋದ ಆಷಾಢದಲ್ಲಿ ಅಕ್ಕನ ಮಗನ ಸ್ಕೂಲಿಗೆ ಐಡಿ ಕಾರ್ಡ್ ಫೋಟೋ ತೆಗೆಯಲು ಯಾರೋ ಬಂದಿದ್ದರಂತೆ. ಮಕ್ಕಳನ್ನು ಸುಣ್ಣದ ಗೋಡೆಗೆ ಒರಗಿಸಿ ನಿಲ್ಲಿಸಿ, ಮೊಬೈಲಿನಲ್ಲಿ ಹೊಡೆದುಕೊಂಡು ಹೋಗಿದ್ದಾರೆ. ಕಾರ್ಡ್ ಬಂದಾಗ ನೋಡಿದರೆ ಹೆಸರು ನಮ್ಮವನದು, ಮುಖ ಪಕ್ಕದ ಬೆಂಚಿನವನದು. ಅಕ್ಕ ನಕ್ಕಳು, ಭಾವ ಸಿಟ್ಟಾದರು. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಈ ಕೆಲಸವನ್ನು ನೆಟ್ಟಗೆ ಮಾಡಿದರೆ ಹೊಟ್ಟೆಪಾಡು ಆಗುತ್ತಾ?

ನನ್ನ ಹತ್ತಿರ ಇರುವುದು 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಮತ್ತು 50 ಎಂಎಂ ಲೆನ್ಸು, ಒಂದು ಫ್ಲ್ಯಾಶ್, ಒಂದು ಹಳೇ ಲ್ಯಾಪ್‌ಟಾಪ್. ಕೂಡಿಟ್ಟ ದುಡ್ಡು 60 ಸಾವಿರ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ತೆಗೆದುಕೊಳ್ಳಬೇಕಾ? ಸ್ಕೂಲಿನವರನ್ನು ಹೇಗೆ ಕೇಳಬೇಕು? ರೇಟು ಎಷ್ಟಿಡಬೇಕು? ಗೊತ್ತಿರುವವರು ಹೇಳಿ.

ಹಳೇ ಸ್ಟುಡಿಯೋ, ಶಿವರಾಂಪೇಟೆ

ತಮ್ಮಾ, ಕ್ಯಾಮೆರಾ ಚಿಂತೆ ಬಿಡು. 12×18 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 5400×3600 ಪಿಕ್ಸೆಲ್ ಬೇಕು. ನಿನ್ನ ಕ್ಯಾಮೆರಾ 6000×4000 ಕೊಡುತ್ತೆ. ಇಡೀ ತರಗತಿಯ ಗ್ರೂಪ್ ಫೋಟೋ ಅದರಲ್ಲೇ ಆಗುತ್ತೆ. ಇದ್ದ 60 ಸಾವಿರವನ್ನೂ ಕ್ಯಾಮೆರಾಕ್ಕೇ ಸುರಿದರೆ ಆಮೇಲೆ ಪ್ರಿಂಟಿಗೆ ಯಾರ ಹತ್ತಿರ ಕೈ ಚಾಚುತ್ತೀಯಾ?

ಇನ್ನೊಂದು ಮಾತು. ನಿನ್ನ ಅಕ್ಕನ ಮಗನ ಕಾರ್ಡಿನ ಕಥೆ ಹೇಳಿದೆಯಲ್ಲ, ಈ ವ್ಯಾಪಾರ ಇರುವುದೇ ಅಲ್ಲಿ. ಫೋಟೋ ತೆಗೆಯುವವರು ಬೀದಿಗೊಬ್ಬರು ಸಿಗುತ್ತಾರೆ. 400 ಮಕ್ಕಳ ಮುಖಕ್ಕೆ 400 ಹೆಸರನ್ನೂ ತಪ್ಪಿಲ್ಲದೆ ಕೂಡಿಸಿ ಕೊಡುವವರು ಸಿಗುವುದಿಲ್ಲ. ಸ್ಕೂಲಿನವರು ದುಡ್ಡು ಕೊಡುವುದು ಅದಕ್ಕೆ.

ರೀಲಿನ ಕಾಲದಲ್ಲಿ ನಾನು ಒಂದು ತರಗತಿಗೆ ಮೂರೇ ಫ್ರೇಮು ಹೊಡೆಯುತ್ತಿದ್ದೆ. ಮೂರರಲ್ಲೂ ಯಾರಾದರೂ ಕಣ್ಣು ಮುಚ್ಚಿದ್ದರೆ ಅದು ಅವರ ಹಣೆಬರಹ. ನೀನು ಹತ್ತು ಹೊಡಿ, ಯಾರು ಬೇಡ ಅಂತಾರೆ.

ಪಾಂಡವಪುರದ ಅಕ್ಕ

ನಾನು ಎಂಟು ವರ್ಷದಿಂದ ಶಾಲೆ ಫೋಟೋ ಮಾಡುತ್ತಿದ್ದೇನೆ, ಮದುವೆ ಕೆಲಸ ಬಿಟ್ಟೇಬಿಟ್ಟೆ. ಸ್ಟುಡಿಯೋ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಹೆಸರು ತಪ್ಪದ ಹಾಗೆ ನಾನು ಮಾಡುವುದು ಹೀಗೆ.

ಒಂದು ವಾರ ಮೊದಲೇ ಶಾಲೆಯಿಂದ ತರಗತಿವಾರು ಪಟ್ಟಿ ಎಕ್ಸೆಲ್‌ನಲ್ಲಿ ತರಿಸಿಕೊಳ್ಳುತ್ತೇನೆ. ಹೆಸರು, ರೋಲ್ ನಂಬರ್, ದಾಖಲಾತಿ ಸಂಖ್ಯೆ. ಇದು ಮುಖ್ಯ, ಯಾಕೆಂದರೆ ಒಂದೇ ತರಗತಿಯಲ್ಲಿ ಮೂವರು ಸಿಂಚನ ಇರುತ್ತಾರೆ. ಮಕ್ಕಳು ಹಾಜರಿ ಪುಸ್ತಕದ ಸಾಲಿನಲ್ಲೇ ಬರಬೇಕು. ಪ್ರತಿ ಮಗು ಮೊದಲು ರೋಲ್ ನಂಬರ್ ಬರೆದ ಸ್ಲೇಟು ಹಿಡಿದು ಒಂದು ಫೋಟೋ, ಆಮೇಲೆ ಸ್ಲೇಟು ಇಳಿಸಿ ಮೂರು ಫೋಟೋ. ಬರದ ಮಗುವಿನ ನಂಬರನ್ನೂ ಬಿಡುವುದಿಲ್ಲ. ಸ್ಲೇಟಿನಲ್ಲಿ ನಂಬರ್ ಬರೆದು 'ಗೈರು' ಅಂತ ಸೇರಿಸಿ ಖಾಲಿ ಸ್ಟೂಲಿನ ಫೋಟೋ ತೆಗೆದುಬಿಡುತ್ತೇನೆ. ಇದನ್ನು ಮಾಡದೇ ಇದ್ದರೆ ಒಂದು ಮಗು ತಪ್ಪಿದ ಕಡೆಯಿಂದ ಕೊನೆಯವರೆಗೂ ಎಲ್ಲರ ಹೆಸರು ಒಂದೊಂದು ಮನೆ ಸರಿಯುತ್ತದೆ. ನಿಮ್ಮ ಅಕ್ಕನ ಮಗನಿಗೆ ಆಗಿರುವುದು ಅದೇ ಇರಬೇಕು.

ಸಮಯದ ಲೆಕ್ಕ ಹೇಳುತ್ತೇನೆ. ಮಗುವಿಗೆ 40 ಸೆಕೆಂಡ್ ಹಿಡಿದರೂ 400 ಮಕ್ಕಳಿಗೆ ಸುಮಾರು ನಾಲ್ಕೂವರೆ ಗಂಟೆ. ಅದರ ಮಧ್ಯೆ ಪ್ರಾರ್ಥನೆ, ಬೆಲ್ಲು, ಊಟ, ಒಂದನೇ ಕ್ಲಾಸಿನವರ ಅಳು. ಹಾಗಾಗಿ 400 ಮಕ್ಕಳ ಶಾಲೆ ಅಂದರೆ ಎರಡು ದಿನ ಅಂತಲೇ ಹೇಳಿ. ಒಂದು ದಿನದಲ್ಲಿ ಮುಗಿಸುತ್ತೇನೆ ಅಂತ ಜಂಬ ಕೊಚ್ಚಿದರೆ ಮೇಷ್ಟ್ರು ಎರಡನೇ ಸಲ ಕರೆಯುವುದಿಲ್ಲ.

ಇನ್ನು ನನ್ನ ಕೈಸುಟ್ಟ ಕಥೆ. ಮೊದಲ ವರ್ಷ ಒಂದು ಶಾಲೆಯ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಚೆನ್ನಾಗಿ ತೆಗೆದೆ. ಫ್ರೇಮಿನ ಈ ತುದಿಯಿಂದ ಆ ತುದಿಗೆ ಮಕ್ಕಳನ್ನು ತುಂಬಿದ್ದೆ. ಲ್ಯಾಬಿನಲ್ಲಿ 8×10ಕ್ಕೆ ಆರ್ಡರ್ ಕೊಟ್ಟೆ. ಬಂದ ಪ್ರಿಂಟಿನಲ್ಲಿ ಎರಡೂ ತುದಿಯ ಹುಡುಗರು ಮಾಯ! ತಪ್ಪು ಲ್ಯಾಬಿನದಲ್ಲ, ನನ್ನದೇ. ನಮ್ಮ ಕ್ಯಾಮೆರಾ ತೆಗೆಯುವುದು 3:2 ಅಳತೆಯಲ್ಲಿ. 4×6, 8×12, 12×18 ಎಲ್ಲವೂ ಅದೇ ಅಳತೆ, ಏನೂ ಕತ್ತರಿಸುವುದಿಲ್ಲ. 8×10 ಅಂದರೆ ಅಗಲದಲ್ಲಿ ಆರನೇ ಒಂದು ಭಾಗ ಹೋಗುತ್ತದೆ. 6×8ರಲ್ಲೂ ಸ್ವಲ್ಪ ಹೋಗುತ್ತದೆ. 55 ಪ್ರಿಂಟು ಕಸಕ್ಕೆ ಹಾಕಿ ಮತ್ತೆ ಮಾಡಿಸಿದೆ. ಆ ವರ್ಷ ಆ ಶಾಲೆಯಿಂದ ನನಗೆ ಉಳಿದದ್ದು ಪೆಟ್ರೋಲು ದುಡ್ಡು.

ಗುತ್ತಲು ರಸ್ತೆ ಹುಡುಗ

ಅಕ್ಕ, ಇದು ಗೊತ್ತೇ ಇರಲಿಲ್ಲ. ಮದುವೆ ಆಲ್ಬಮ್‌ನಲ್ಲಿ ಡಿಸೈನರ್ ಎಲ್ಲ ನೋಡಿಕೊಳ್ಳುತ್ತಾನೆ. ಲೈಟು ಏನು ಬಳಸುತ್ತೀರಿ? ನನ್ನ ಒಂದು ಫ್ಲ್ಯಾಶ್ ಸಾಲುತ್ತಾ?

ಪಾಂಡವಪುರದ ಅಕ್ಕ

ಒಬ್ಬೊಬ್ಬರ ಫೋಟೋಗೆ ಒಂದು ಫ್ಲ್ಯಾಶ್, ಒಂದು ಬಿಳಿ ಛತ್ರಿ ಸಾಕು. ನಿಮ್ಮ 50 ಎಂಎಂ ಲೆನ್ಸು ಆ ಕ್ಯಾಮೆರಾದಲ್ಲಿ 75 ಎಂಎಂ ಥರ ಕೆಲಸ ಮಾಡುತ್ತೆ, ಮುಖಕ್ಕೆ ಹೇಳಿ ಮಾಡಿಸಿದ್ದು. ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 200 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಮಗುವಿಗೂ ಹಿಂದಿನ ಬಟ್ಟೆಗೂ ಐದಾರು ಅಡಿ ಅಂತರ. ಬಟ್ಟೆ ಬೂದು ಬಣ್ಣದ್ದಿರಲಿ. ನೀಲಿ ಯೂನಿಫಾರಂ ಮಕ್ಕಳನ್ನು ನೀಲಿ ಬಟ್ಟೆ ಮುಂದೆ ಕೂರಿಸಿದರೆ ತಲೆ ಮಾತ್ರ ತೇಲಾಡುತ್ತದೆ.

ಲೈಟು ಬ್ಯಾಟರಿಯದೇ ಆಗಬೇಕು. ಕರೆಂಟ್ ಹೋಗುವುದು ಒಂದು ಕಡೆ, ವೈರು ನೆಲದ ಮೇಲೆ ಬಿದ್ದಿದ್ದರೆ ಮಕ್ಕಳು ಎಡವಿ ಬೀಳುವುದು ಇನ್ನೊಂದು ಕಡೆ. ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಕಟ್ಟಿ. ನಾನು ಸಕ್ಕರೆ ಚೀಲ ಹೊಲಿಸಿ ಮರಳು ತುಂಬಿಸಿಕೊಂಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಚೀಲಕ್ಕೆ ಬರ ಇಲ್ಲವಲ್ಲ!

ಕನ್ನಡಕದ ಮಕ್ಕಳಿಗೆ ಲೈಟು ಇನ್ನೂ ಮೇಲಕ್ಕೆ ಎತ್ತಿ, ಇಲ್ಲವೇ ಕನ್ನಡಕದ ಕಾಲನ್ನು ಕಿವಿಯಿಂದ ಚೂರು ಮೇಲಕ್ಕೆತ್ತಿ. ಗ್ಲಾಸು ಕೆಳಕ್ಕೆ ಬಾಗಿ ಹೊಳಪು ಹೋಗುತ್ತೆ. ತಲೆಗೆ ಎಣ್ಣೆ ಹಾಕಿಕೊಂಡು ಬಂದವರ ಹಣೆ ಮಿಂಚುತ್ತೆ, ಟಿಶ್ಯೂ ಇಟ್ಟುಕೊಳ್ಳಿ. ಬಾಚಣಿಗೆ ಮಾತ್ರ ಇಡಬೇಡಿ. ಒಬ್ಬರ ತಲೆಯಿಂದ ಇನ್ನೊಬ್ಬರಿಗೆ ಹೇನು ಹಂಚಿದ ಪುಣ್ಯ ನಿಮಗೆ ಬರುತ್ತೆ.

ಗ್ರೂಪ್ ಫೋಟೋಗೆ ಫ್ಲ್ಯಾಶ್ ಬೇಡ, ನೆರಳು ಹುಡುಕಿ. ಬೆಳಿಗ್ಗೆ ಕಟ್ಟಡದ ಪಶ್ಚಿಮಕ್ಕೆ ನೆರಳು ಬೀಳುತ್ತೆ, ಅಲ್ಲಿ ಬೆಂಚು ಹಾಕಿಸಿ. ಮರದ ಕೆಳಗೆ ಬೇಡ. ಎಲೆಯ ಸಂದಿಯಿಂದ ಬಿಸಿಲು ಬಿದ್ದು ಮುಖವೆಲ್ಲ ಚುಕ್ಕೆ ಚುಕ್ಕೆ. ಸಾಲು ನಾಲ್ಕಿದ್ದರೆ ಎಫ್ 8. ಹತ್ತಿರ ನಿಂತು 18 ಎಂಎಂನಲ್ಲಿ ಹೊಡೆದರೆ ತುದಿಯಲ್ಲಿರುವ ಮಕ್ಕಳು ದಪ್ಪಗೆ ಕಾಣುತ್ತಾರೆ. ಹಿಂದೆ ಹೋಗಿ 35ರಲ್ಲಿ ಹೊಡೆಯಿರಿ.

ಮದ್ದೂರಿನ ಮೇಷ್ಟ್ರು

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೇನೆ. ಒಳಗಿನ ಮಾತು ನಾಲ್ಕು ಹೇಳುತ್ತೇನೆ.

ಫೋಟೋದವರು ಬಂದು ಮೊದಲು ಕೇಳುವುದು 'ಸಾರ್, ದುಡ್ಡು ನೀವೇ ಕಲೆಕ್ಟ್ ಮಾಡಿಕೊಡಿ' ಅಂತ. ಅಲ್ಲೇ ನಮಗೆ ಬೇಸರ. ಮಕ್ಕಳ ಹತ್ತಿರ ದುಡ್ಡು ವಸೂಲಿ ಅಂದರೆ ನಾಳೆ ಯಾರೋ ಒಬ್ಬರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಹಾಕುತ್ತಾರೆ. ಸರ್ಕಾರಿ ಶಾಲೆಗೆ ಬರುವುದಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಡಿಸಿ, ಅಲ್ಲಿ ಬರೆಸಿಕೊಂಡು ಬನ್ನಿ. ಯಾರಿಗೂ ಕಡ್ಡಾಯ ಅಲ್ಲ ಅಂತ ಚೀಟಿಯಲ್ಲೇ ಇರಲಿ. ದುಡ್ಡಿಗೆ ನಿಮ್ಮ ಹುಡುಗ ಬಂದು ಕೂರಲಿ.

ಯಾವ ದಿನ ಬರಬೇಕು ಅನ್ನುವುದೂ ಮುಖ್ಯ. ಶನಿವಾರ ಬೆಳಗಿನ ಶಾಲೆ, ಸಮಯ ಸಾಲುವುದಿಲ್ಲ, ಎಷ್ಟೋ ಶಾಲೆಗಳಲ್ಲಿ ಅವತ್ತು ಬಟ್ಟೆಯೂ ಬೇರೆ. ಸೋಮವಾರ ಯೂನಿಫಾರಂ ಶುಭ್ರವಾಗಿರುತ್ತೆ. ಹಾಲು ಕೊಡುವುದಕ್ಕೆ ಮೊದಲೇ ಚಿಕ್ಕ ಮಕ್ಕಳದ್ದು ಮುಗಿಸಿ. 2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ನಮ್ಮ ಅರ್ಧ ಫೋಟೋಗಳಲ್ಲಿ ಮಕ್ಕಳಿಗೆ ಬಿಳಿ ಮೀಸೆ ಇದೆ.

ಮತ್ತೆ, ಜನವರಿ ಕೊನೆ ದಾಟಿದ ಮೇಲೆ ಹತ್ತನೇ ತರಗತಿಯವರ ಹತ್ತಿರ ಬರಬೇಡಿ. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ ಅಂತ ನಮಗೇ ಉಸಿರಾಡಲು ಬಿಡುವಿರುವುದಿಲ್ಲ.

ಹಳೇ ಸ್ಟುಡಿಯೋ, ಶಿವರಾಂಪೇಟೆ

ಮೇಷ್ಟ್ರೇ, ಖಾಸಗಿ ಶಾಲೆಯ ಕಥೆ ಬೇರೆ. ಅಲ್ಲಿ ಒಳಗೆ ಕಾಲಿಡುವ ಮೊದಲೇ 'ನಮಗೆಷ್ಟು?' ಅಂತ ಕೇಳುವವರಿದ್ದಾರೆ. ನಾನು ದುಡ್ಡು ಕೊಡುವುದಿಲ್ಲ. ಐಡಿ ಕಾರ್ಡಿನ ಫೋಟೋ ಪುಕ್ಕಟೆ, ಆಫೀಸಿಗೆ ಪ್ರತಿ ತರಗತಿಯದ್ದೂ 12×18 ಫ್ರೇಮ್ ಹಾಕಿಸಿ ಪುಕ್ಕಟೆ. ಒಪ್ಪಿದರೆ ಸರಿ, ಇಲ್ಲದಿದ್ದರೆ ಕಾಫಿ ಕುಡಿದು ಎದ್ದು ಬರುತ್ತೇನೆ.

ಮಾರುವ ವಿಷಯಕ್ಕೆ ಬರೋಣ. ನಾನು ಮೊದಲು ಎಲ್ಲರದ್ದೂ ಪ್ರಿಂಟ್ ಹಾಕಿಸಿ ಮಕ್ಕಳ ಕೈಯಲ್ಲಿ ಮನೆಗೆ ಕಳಿಸುತ್ತೇನೆ. ಬೇಕಾದವರು ದುಡ್ಡು ಕೊಡಲಿ, ಬೇಡದವರು ವಾಪಸ್ ಕೊಡಲಿ. ಮಗುವಿನ ಮುಖ ಕೈಯಲ್ಲಿ ಹಿಡಿದ ತಾಯಿ ವಾಪಸ್ ಕೊಡುವುದು ಕಡಿಮೆ.

ಪಾಂಡವಪುರದ ಅಕ್ಕ

ಅಣ್ಣ, ನಿಮ್ಮ ಮೇಲೆ ಗೌರವ ಇದೆ, ಆದರೆ ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮೈಸೂರಿನಲ್ಲಿ ನಡೆಯಬಹುದು. ನಮ್ಮ ಕಡೆ ಕಬ್ಬಿನ ಬಿಲ್ಲು ಬರುವವರೆಗೆ ಎಷ್ಟೋ ಮನೆಗಳಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಫೋಟೋ ಮನೆಗೆ ಹೋಗುತ್ತೆ, ಅಜ್ಜಿ ನೋಡಿ ಖುಷಿಪಡುತ್ತಾಳೆ, ಮರುದಿನ ಅದೇ ಮಗು ಅಳುತ್ತಾ ವಾಪಸ್ ತಂದುಕೊಡುತ್ತೆ. ಒಮ್ಮೆ ನೋಡಿದೆ, ಮತ್ತೆ ಮಾಡಲಿಲ್ಲ. ವಾಪಸ್ ಬಂದ ಪ್ರಿಂಟು ಯಾವ ಕೆಲಸಕ್ಕೂ ಬರುವುದಿಲ್ಲ, ನಷ್ಟವೂ ನಮ್ಮದೇ.

ನಾನು ಮೊದಲೇ ಚೀಟಿ ಕಳಿಸುತ್ತೇನೆ. ಚೀಟಿಯಲ್ಲಿ ರೇಟು, ಏನೇನು ಸಿಗುತ್ತೆ, ಬೇಕು-ಬೇಡ, ಅಪ್ಪ ಅಥವಾ ಅಮ್ಮನ ಸಹಿ. ಬೇಕು ಅಂದವರದ್ದಷ್ಟೇ ಪ್ರಿಂಟ್. ರೇಟು ಇಲ್ಲಿ ಬರೆದರೆ ನಾಳೆ ಇನ್ಯಾರೋ ಹತ್ತು ರೂಪಾಯಿ ಕಡಿಮೆಗೆ ಹೋಗುತ್ತಾರೆ, ಹೋಗಲಿ ಬಿಡಿ. ನನ್ನ ಪ್ಯಾಕು 150 ರೂಪಾಯಿ. 35×45 ಮಿಲಿಮೀಟರಿನ ಪಾಸ್‌ಪೋರ್ಟ್ ಫೋಟೋ 8 (ಒಂದು 4×6 ಹಾಳೆಯಲ್ಲಿ ಅಷ್ಟೂ ಕೂರುತ್ತೆ), ಒಂಟಿ ಫೋಟೋ 4×6 ಒಂದು, ತರಗತಿಯ ಗ್ರೂಪ್ 8×12 ಒಂದು. ಪ್ರಿಂಟು, ಕವರು, ಹುಡುಗನ ಸಂಬಳ, ಓಡಾಟ ಎಲ್ಲ ಕಳೆದು ಪ್ಯಾಕಿಗೆ 60 ರೂಪಾಯಿ ಉಳಿದರೆ ನಾನು ಖುಷಿ.

ಸದ್ಯ ಅಮೆರಿಕದಲ್ಲಿ

ನಮ್ಮ ಮೂಲ ಹೊಸಹಳ್ಳಿ ಸರ್ಕಲ್ ಹತ್ತಿರ. ಇಲ್ಲಿ ಶಾಲೆ ಫೋಟೋ ಅನ್ನುವುದು ದೊಡ್ಡ ಉದ್ಯಮ. ಲೈಫ್‌ಟಚ್ ಅನ್ನುವ ಕಂಪನಿ 1936ರಲ್ಲಿ ಮಿನಿಯಾಪೊಲಿಸ್‌ನಲ್ಲಿ ನ್ಯಾಷನಲ್ ಸ್ಕೂಲ್ ಸ್ಟುಡಿಯೋಸ್ ಅನ್ನುವ ಹೆಸರಿನಲ್ಲಿ ಶುರುವಾಯಿತು. 2018ರಲ್ಲಿ ಶಟರ್‌ಫ್ಲೈ ಅನ್ನುವ ಇನ್ನೊಂದು ಫೋಟೋ ಕಂಪನಿ ಅದನ್ನು ಕೊಂಡುಕೊಂಡಿತು. ವರ್ಷಕ್ಕೊಂದು 'ಪಿಕ್ಚರ್ ಡೇ' ಇರುತ್ತೆ, ಚೀಟಿ ಮೊದಲೇ ಮನೆಗೆ ಬರುತ್ತೆ. ನನಗೆ ಹಿಡಿಸಿದ್ದು 'ರೀಟೇಕ್ ಡೇ'. ಅವತ್ತು ಬರದವರಿಗೆ, ಕಣ್ಣು ಮುಚ್ಚಿದವರಿಗೆ ಕೆಲವು ವಾರ ಬಿಟ್ಟು ಇನ್ನೊಂದು ಅವಕಾಶ. ಅದನ್ನು ಅಲ್ಲೂ ಮಾಡಬಹುದಲ್ವಾ?

ಕುವೆಂಪುನಗರದ ಅಮ್ಮ

ನಾನು ಫೋಟೋ ತೆಗೆಯುವವಳಲ್ಲ, ಕೊಳ್ಳುವವಳು. ಹೋದ ವರ್ಷ ನನ್ನ ಮಗಳ ಶಾಲೆಯಲ್ಲಿ ತೆಗೆದ ಫೋಟೋ ಬಂತು. ಅವಳನ್ನು ಗುರುತು ಹಿಡಿಯಲು ನನಗೇ ಒಂದು ಕ್ಷಣ ಬೇಕಾಯಿತು. ಅವಳದು ನನ್ನ ಹಾಗೆ ಎಣ್ಣೆಗಪ್ಪು. ಫೋಟೋದಲ್ಲಿ ಬೆಣ್ಣೆ ಬಳಿದ ಹಾಗೆ ಬೆಳ್ಳಗೆ ಮಾಡಿದ್ದರು. ಮೂಗಿನ ಪಕ್ಕದ ಮಚ್ಚೆಯೂ ಇಲ್ಲ. ಅವಳು ಕೇಳಿದ್ದು, 'ಅಮ್ಮ, ನಾನು ಇರೋ ಥರ ಚೆನ್ನಾಗಿಲ್ವಾ?' ನಾನೇನು ಹೇಳಲಿ?

ದಯವಿಟ್ಟು ಅದೊಂದು ಮಾಡಬೇಡಿ. ಇನ್ನೊಂದು, ಇಡೀ ತರಗತಿಯ ಫೋಟೋಗಳನ್ನು ವಾಟ್ಸಾಪ್ ಗ್ರೂಪಿಗೆ ಸುರಿಯಬೇಡಿ. ನನ್ನ ಮಗಳ ಫೋಟೋ, ಹೆಸರು, ಸೆಕ್ಷನ್ ಸಮೇತ, ನನಗೆ ಪರಿಚಯವೇ ಇಲ್ಲದ ನೂರು ಜನರ ಮೊಬೈಲಿನಲ್ಲಿ ಯಾಕಿರಬೇಕು?

ಹಳೇ ಸ್ಟುಡಿಯೋ, ಶಿವರಾಂಪೇಟೆ

ಮೇಡಂ, ನೀವು ಹೇಳಿದ್ದು ನಮ್ಮ ಕಸುಬಿಗೆ ನಾಚಿಕೆಯ ವಿಷಯ. ಎಷ್ಟೋ ಸಲ ಸಾಫ್ಟ್‌ವೇರಿನಲ್ಲಿ ಒಂದು ಬಟನ್ ಒತ್ತಿ ನಾನೂರು ಮುಖಕ್ಕೂ ಒಂದೇ ಸುಣ್ಣ ಹೊಡೆಯುತ್ತಾರೆ. ಬಿಳಿ ಬಟ್ಟೆ ಹಿಂದಿದ್ದರೆ ಕ್ಯಾಮೆರಾದ ಮೀಟರು ಮೋಸಹೋಗಿ ಮುಖ ಕಪ್ಪಗೆ ಬರುತ್ತೆ, ಅದನ್ನು ಎತ್ತಲು ಹೋಗಿ ಹೀಗಾಗುತ್ತೆ. ಬೂದು ಕಾರ್ಡು ಇಟ್ಟು ಬೆಳಕು ಅಳೆದು, ಮ್ಯಾನುಯಲ್‌ನಲ್ಲಿ (ಕ್ಯಾಮೆರಾ ತಾನೇ ಬದಲಿಸದ ಹಾಗೆ) ಲಾಕ್ ಮಾಡಿದರೆ ಯಾರ ಬಣ್ಣ ಹೇಗಿದೆಯೋ ಹಾಗೇ ಬರುತ್ತೆ.

ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಇದ್ದರಲ್ಲ, 1923ರಲ್ಲಿ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು. ಅವರು ತೆಗೆದ ಮಕ್ಕಳ ಚಿತ್ರಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಆ ಮಕ್ಕಳಿಗೆ ಯಾರೂ ಪೌಡರ್ ಬಳಿದಿರಲಿಲ್ಲ.

ಲೆಕ್ಕದ ಪುಸ್ತಕ

ಅಮ್ಮನ ಎರಡನೇ ಮಾತಿಗೆ ಈಗ ಕಾನೂನಿನ ಬಲವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಪಾಂಡವಪುರದ ಅಕ್ಕ ಚೀಟಿಗೆ ಸಹಿ ಹಾಕಿಸುವುದು ಒಳ್ಳೆಯ ಅಭ್ಯಾಸ. ಅದರಲ್ಲೇ ಫೋಟೋ ಯಾವುದಕ್ಕೆ ಬಳಸುತ್ತೀರಿ, ಯಾವಾಗ ಅಳಿಸುತ್ತೀರಿ ಅಂತಲೂ ಎರಡು ಸಾಲು ಸೇರಿಸಿ.

ಇನ್‌ಸ್ಟಾಗ್ರಾಂಗೆ ಹಾಕುವ ಆಸೆ ಇದ್ದರೆ ಇದೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರೇ ಮೊದಲ ಒಡೆಯರು, ತೆಗೆದವರಲ್ಲ. ಎಷ್ಟೋ ಫೋಟೋದವರು ಉಲ್ಟಾ ತಿಳಿದುಕೊಂಡಿದ್ದಾರೆ.

ಉಳಿದದ್ದು ಚುಟುಕಾಗಿ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಆಗುತ್ತೆ, ಪುಕ್ಕಟೆ, ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳನ್ನು ನಂಬಬೇಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಸಿಗುತ್ತೆ. ಆದರೆ ಮೊದಲ ವರ್ಷ ಸಾಲ ಮಾಡಬೇಡಿ ಅಂತಲೇ ನನ್ನ ಅಭಿಪ್ರಾಯ.

ಗುತ್ತಲು ರಸ್ತೆ ಹುಡುಗ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮೊದಲ ಶಾಲೆ ಆಯಿತು! ಮಂಡ್ಯದಿಂದ ಒಂಬತ್ತು ಕಿಲೋಮೀಟರ್ ದೂರದ ಸಣ್ಣ ಖಾಸಗಿ ಶಾಲೆ, 212 ಮಕ್ಕಳು. ಹೊಸ ಕ್ಯಾಮೆರಾ ಕೊಳ್ಳಲಿಲ್ಲ. ಒಂದು ಬ್ಯಾಟರಿ ಲೈಟು, ಛತ್ರಿ, ಬೂದು ಬಟ್ಟೆ, ಎರಡು ಮೆಮೊರಿ ಕಾರ್ಡು, ಒಂದು ಹಾರ್ಡ್ ಡಿಸ್ಕ್ ತೆಗೆದುಕೊಂಡೆ. 60 ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಇದೆ.

ಮೊದಲ ಅರ್ಧ ಗಂಟೆ ಪೂರ್ತಿ ಹಾಳು. ಸ್ಲೇಟಿಗೆ ಫ್ಲ್ಯಾಶ್ ಬಿದ್ದು ಫಳಫಳ, ನಂಬರೇ ಕಾಣುವುದಿಲ್ಲ. ಸ್ಲೇಟನ್ನು ಚೂರು ಕೆಳಕ್ಕೆ ಬಗ್ಗಿಸಿ ಹಿಡಿಯಲು ಹೇಳಿದ ಮೇಲೆ ಸರಿಹೋಯಿತು. ರಾತ್ರಿ ಹೆಸರು ಕೂಡಿಸುವಾಗ ಇನ್ನೊಂದು ತಮಾಷೆ. ಮೂರನೇ ಕ್ಲಾಸಿನಲ್ಲಿ 61ನೇ ನಂಬರ್ ಬಂತು. ಆ ಕ್ಲಾಸಿನಲ್ಲಿ ಇರುವುದೇ 38 ಮಕ್ಕಳು. ಹತ್ತು ನಿಮಿಷ ತಲೆ ಕೆರೆದುಕೊಂಡೆ. ಆ ಪುಣ್ಯಾತ್ಮ 19ನೇ ನಂಬರಿನ ಸ್ಲೇಟನ್ನು ತಲೆಕೆಳಗೆ ಹಿಡಿದಿದ್ದ! 18 ಮತ್ತು 20ರ ಮಧ್ಯೆ ನಿಂತಿದ್ದರಿಂದ ಬಚಾವು. ಇನ್ನು ಮೇಲೆ ನಂಬರಿನ ಕೆಳಗೆ ಒಂದು ಗೆರೆ ಎಳೆಯುತ್ತೇನೆ.

ಗೈರಾದವರು 11 ಜನ. ರೀಟೇಕ್ ಅಂತ ಹತ್ತು ದಿನ ಬಿಟ್ಟು ಹೋದೆ, ಅಮೆರಿಕದ ಅಣ್ಣನಿಗೆ ಥ್ಯಾಂಕ್ಸ್. ಆ ಒಂದು ಕಾರಣಕ್ಕೇ ಪ್ರಿನ್ಸಿಪಾಲ್ ಮೇಡಂ ಪಕ್ಕದ ಊರಿನ ಶಾಲೆಗೆ ಫೋನ್ ಮಾಡಿ ನನ್ನ ಹೆಸರು ಹೇಳಿದರು. 212ರಲ್ಲಿ ಪ್ಯಾಕು ಬೇಕು ಅಂದವರು 139. ಬೆಳ್ಳಗೆ ಮಾಡುವ ಬಟನ್ ಮುಟ್ಟಲಿಲ್ಲ. ಒಬ್ಬರು ಅಪ್ಪ 'ಇನ್ನೂ ಸ್ವಲ್ಪ ಕಲರ್ ಹಾಕಬಹುದಿತ್ತು' ಅಂದರು, ನಕ್ಕು ಸುಮ್ಮನಾದೆ.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಪ್ಯಾಕು ಹಂಚುವಾಗ ತೆಗೆದುಕೊಳ್ಳದ ಮಕ್ಕಳು ಹಾಗೇ ನೋಡುತ್ತಾ ಕೂತಿದ್ದರು. ಗ್ರೂಪ್ ಫೋಟೋದಲ್ಲಿ ಅವರೂ ಇದ್ದಾರಲ್ಲ.

ಮದ್ದೂರಿನ ಮೇಷ್ಟ್ರು

ತರಗತಿಯಲ್ಲಿ ಎಲ್ಲರ ಮುಂದೆ ಹಂಚಬೇಡಪ್ಪ. ಕವರಿನ ಮೇಲೆ ಹೆಸರು ಬರೆದು, ಅಂಟಿಸಿ, ಮನೆಗೆ ಹೋಗುವ ಬೆಲ್ಲಿನ ಹೊತ್ತಿಗೆ ಕ್ಲಾಸ್ ಟೀಚರ್ ಕೈಗೆ ಕೊಡು.

ಪಾಂಡವಪುರದ ಅಕ್ಕ

ನಾನು ಎಲ್ಲರಿಗೂ ಗ್ರೂಪಿನ 4×6 ಪ್ರಿಂಟು ಕೊಟ್ಟುಬಿಡುತ್ತೇನೆ, ಪ್ಯಾಕು ತೆಗೆದುಕೊಳ್ಳಲಿ ಬಿಡಲಿ. ಲ್ಯಾಬಿನಲ್ಲಿ ಜಾಸ್ತಿ ಸಂಖ್ಯೆಗೆ ಕೊಟ್ಟರೆ ಅದರ ಖರ್ಚು ಮೈಮೇಲೆ ಬೀಳುವಷ್ಟಿರುವುದಿಲ್ಲ. 150 ರೂಪಾಯಿಯಲ್ಲಿ ಅದನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದೇನೆ. ಆಗ ಎಲ್ಲರಿಗೂ ಒಂದೊಂದು ಕವರು ಸಿಗುತ್ತೆ, ಯಾರ ಕವರು ದಪ್ಪ ಅಂತ ಮಕ್ಕಳು ನೋಡಲು ಹೋಗುವುದಿಲ್ಲ.

ಗುತ್ತಲು ರಸ್ತೆ ಹುಡುಗ

ಉಳಿದ 73 ಪ್ರಿಂಟನ್ನು ನಾಳೆಯೇ ಹಾಕಿಸುತ್ತೇನೆ ಅಕ್ಕ. ಇನ್ನೊಂದು ಕೇಳುವುದಿತ್ತು. ಪಕ್ಕದ ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿಗೆ 64 ಮಕ್ಕಳಂತೆ. ಕೊನೇ ಸಾಲು ನಿಲ್ಲಿಸಲು ಬೆಂಚು ನಾನೇ ತೆಗೆದುಕೊಂಡು ಹೋಗಬೇಕಾ?

ಹಳೇ ಸ್ಟುಡಿಯೋ, ಶಿವರಾಂಪೇಟೆ

ಬೆಂಚು ಶಾಲೆಯಲ್ಲೇ ಇರುತ್ತೆ. ಮಕ್ಕಳನ್ನು ಹತ್ತಿಸುವ ಮೊದಲು ನೀನೊಮ್ಮೆ ಹತ್ತಿ ನಿಂತು ಅಲ್ಲಾಡಿಸಿ ನೋಡು.